ವಂದನಾರ್ಪಣೆ ಇಲ್ಲದ ಊರು

ಮದುವೆಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಸತ್ತವರ ಸಂತಾಪ ಸಭೆಯೇ ಇರಲಿ, ನಮ್ಮೂರಿನಲ್ಲಿ ಕೊನೆಗೆ ಮೈಕಿನ ಮುಂದೆ ನಿಲ್ಲುವವನು ನಾನು. ಬೇರೆ ಊರುಗಳಲ್ಲಿ ಆ ಹೊತ್ತಿಗೆ ಯಾರಾದರೊಬ್ಬರು ಎದ್ದು ವಂದನಾರ್ಪಣೆ ಮಾಡುತ್ತಾರಂತೆ. ಅಧ್ಯಕ್ಷರಿಗೆ, ಅತಿಥಿಗಳಿಗೆ, ಶಾಮಿಯಾನದವರಿಗೆ, ಅಡುಗೆಯವರಿಗೆ, ಹೆಸರು ಹಿಡಿದು ಒಬ್ಬೊಬ್ಬರಿಗೂ ಕೈಮುಗಿದು ಧನ್ಯವಾದ ಹೇಳುತ್ತಾರಂತೆ. ಕೇಳಿದರೇ ನನಗೆ ಮೈ ಜುಮ್ಮೆನ್ನುತ್ತದೆ. ನಮ್ಮಲ್ಲಿ ಆ ಜಾಗದಲ್ಲಿ ಕೊರತೆ ಓದುತ್ತೇವೆ. ಪಾಯಸದಲ್ಲಿ ಗೋಡಂಬಿ ಇತ್ತು ಎಂಬುದು ಬರೀ ಗಾಳಿಮಾತು, ಶಾಮಿಯಾನದ ತೂತಿನಿಂದ ಬಿಸಿಲು ಬಿದ್ದು ಬೀಗರ ಬೋಳುತಲೆ ಬೆಂದುಹೋಯಿತು, ಓಲಗದವರು ಊಟಕ್ಕೆ ಕೂತ ಮೇಲೆ ಏಳಲೇ ಇಲ್ಲ, ಹೀಗೆ. ಮನೆಯ ಯಜಮಾನರು ಕಣ್ಣಲ್ಲಿ ನೀರು ತುಂಬಿಕೊಂಡು ಕೇಳುತ್ತಾರೆ. ಎಷ್ಟು ಕೊರತೆ ಹೇಳಿದರೆ ಅಷ್ಟು ಪ್ರೀತಿ.

ಯಾಕೆ ಹೀಗೆ ಎಂದು ಕೇಳಬೇಡಿ. ನಮ್ಮೂರಿನಲ್ಲಿ ಕೊಟ್ಟವರ ಕಿವಿಗೆ ಬೀಳುವಂತೆ ಧನ್ಯವಾದದ ಮಾತು ಹೇಳಿದರೆ ಕೊಟ್ಟದ್ದು ವಾಪಸು ಹೋಗುತ್ತದೆ, ಅಷ್ಟೇ. ಹೊರಗಿನಿಂದ ಬಂದ ಸೊಸೆಯೊಬ್ಬಳು ಮದುವೆಯ ಮಾರನೆಯ ದಿನ ಸೀರೆ ಕೊಟ್ಟದ್ದಕ್ಕೆ ಅತ್ತೆಗೆ ಬಾಯಿ ತಪ್ಪಿ ಧನ್ಯವಾದ ಹೇಳಿಬಿಟ್ಟಳು. ಉಟ್ಟ ಸೀರೆ ಅತ್ತೆಯ ಟ್ರಂಕಿನೊಳಗೆ ಮಡಿಕೆ ಕೆಡದೆ ಕೂತಿತ್ತು; ಹುಡುಗಿ ನಡುಮನೆಯಲ್ಲಿ ಲಂಗದಲ್ಲಿ ನಿಂತಿದ್ದಳು. ಅತ್ತೆಯೇ ಓಡಿಬಂದು ತನ್ನ ಸೆರಗು ಹೊದಿಸಿ, "ಥೂ, ಎಂಥಾ ಹಾಳು ಸೀರೆ ಕೊಟ್ರಿ ಅನ್ಬೇಕಮ್ಮಾ" ಎಂದು ಕಲಿಸಿಕೊಟ್ಟಳು. ಹೊಸಬರು ಒಂದೆರಡು ಸಲ ಹೀಗೆ ಕೆಟ್ಟು ಆಮೇಲೆ ಸರಿಹೋಗುತ್ತಾರೆ.

ನನ್ನ ಹೆಸರು ತೋಂಟೇಶ. ಮೈಕ್ ಸೆಟ್ ಬಾಡಿಗೆಗೆ ಕೊಡುವುದು, ಸಭೆಗಳ ನಿರೂಪಣೆ ಮಾಡುವುದು, ಕೊರತೆ ಓದುವುದು, ಮೂರೂ ಸೇರಿ ನನ್ನ ಕಸುಬು. ಆದರೆ ಊರಿನಲ್ಲಿ ನಿಜವಾದ ಕೊರತೆ ಪಂಡಿತೆ ನನ್ನ ಹೆಂಡತಿ ದಾಕ್ಷಾಯಿಣಿ. ಬೆಳಿಗ್ಗೆ ಎದ್ದರೆ ನಾನು ಹಾಸಿಗೆ ಮಡಚಿದ ರೀತಿಯಿಂದ ಶುರು ಮಾಡುತ್ತಿದ್ದಳು. ಒಳಗಿನಿಂದಲೇ ಕೂಗುತ್ತಿದ್ದ ಆ ದನಿಗೆ ನನ್ನ ಆಂಪ್ಲಿಫೈಯರಿನ ಹಂಗೇ ಇರಲಿಲ್ಲ. ನನ್ನ ಸಭೆಯ ಅರ್ಧ ಮಾತು ಅವಳಿಂದ ಕದ್ದದ್ದು. ನಿಜ ಹೇಳುತ್ತೇನೆ, ಆ ದನಿ ಕೇಳದ ದಿನ ನನಗೆ ಹೊಟ್ಟೆಗೆ ಸೇರುತ್ತಿರಲಿಲ್ಲ.

ಆಮೇಲೆ ಆ ಜ್ವರ ಬಂತು. ಮೊದಲು ರುಚಿ ಹೋಗುತ್ತಿತ್ತು, ಆಮೇಲೆ ಉಸಿರು. ಆಸ್ಪತ್ರೆಯ ಜಗಲಿಯ ಮೇಲೆಲ್ಲ ಜನ ಮೀನಿನಂತೆ ಬಾಯಿ ತೆರೆದು ಮಲಗಿದ್ದರು. ಸಿಲಿಂಡರ್ ಎಲ್ಲಿಂದಲೂ ಬರುತ್ತಿರಲಿಲ್ಲ. ಊರಾಚೆಯ ಗೋಮಾಳದಲ್ಲಿ ಗಾಜಿನ ಕಾರ್ಖಾನೆ ಇತ್ತು. ಔಷಧದ ಬಾಟಲಿ, ಉಪ್ಪಿನಕಾಯಿ ಜಾಡಿ ಅಲ್ಲಿ ತಯಾರಾಗುತ್ತಿದ್ದವು. ಅದರ ಕುಲುಮೆಗೆ ಆಮ್ಲಜನಕ ಬೇಕು, ಅದಕ್ಕೆಂದೇ ಅಲ್ಲಿ ಒಂದು ಘಟಕ ಇತ್ತು. ಗಾಜಿನ ಕುಲುಮೆಯನ್ನು ಒಮ್ಮೆ ಹಚ್ಚಿದರೆ ಆರಿಸುವ ಹಾಗಿಲ್ಲ. ಆರಿದರೆ ಒಳಗಿನ ಗಾಜು ಹೆಪ್ಪುಗಟ್ಟಿ ಇಟ್ಟಿಗೆಯೆಲ್ಲ ಬಿರಿಯುತ್ತದೆ. ಮತ್ತೆ ಕಟ್ಟಬೇಕಾದರೆ ಹೊಸ ಕಾರ್ಖಾನೆ ಕಟ್ಟಿದಷ್ಟೇ ಕೆಲಸ. ಗೊತ್ತಿದ್ದೂ ಅವರು ಆರಿಸಿದರು. ಕುಲುಮೆ ಕುಡಿಯುತ್ತಿದ್ದುದನ್ನೆಲ್ಲ ಸಿಲಿಂಡರಿಗೆ ತುಂಬಿಸಿ, ಕ್ಯಾಂಟೀನಿನಲ್ಲಿ ಮಂಚ ಹಾಕಿಸಿ, ಊರವರನ್ನು ಕರೆಸಿಕೊಂಡರು.

ಹಾಗೆ ಮಾಡಿಸಿದವಳು ಕುಮುದಿನಿ ಎಂಬ ಹೆಣ್ಣುಮಗಳು. ಕಾರ್ಖಾನೆಯ ಸಾಮಾಜಿಕ ಹೊಣೆಗಾರಿಕೆ ವಿಭಾಗಕ್ಕೆ ಅಧಿಕಾರಿಯಾಗಿ ಹೊರಗಿನಿಂದ ಬಂದವಳು. ಅಲ್ಲಿಯವರೆಗೆ ಅವಳ ಕೆಲಸವೆಂದರೆ ಶಾಲೆಗೆ ಬೆಂಚು ಕೊಡಿಸುವುದು, ಅದರ ಮೇಲೆ ಕಂಪನಿಯ ಹೆಸರು ಬರೆಸುವುದು. ಜ್ವರದ ದಿನಗಳಲ್ಲಿ ಮಾತ್ರ ಅವಳು ಯಜಮಾನರ ಜೊತೆ ಫೋನಿನಲ್ಲಿ ಜಗಳವಾಡಿ, ಅತ್ತು, ಕೊನೆಗೆ ಒಪ್ಪಿಸಿದಳು. ದಾಕ್ಷಾಯಿಣಿಯನ್ನು ನಾನು ಆಟೋದಲ್ಲಿ ಕರೆದೊಯ್ದಾಗ ಅವಳ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಕುಮುದಿನಿಯೇ ತಳ್ಳುಗಾಡಿಯಲ್ಲಿ ಸಿಲಿಂಡರ್ ತಂದಳು. ನಳಿಕೆ ಮೂಗಿಗೆ ಹಾಕಿದ ಮೇಲೆ ದಾಕ್ಷಾಯಿಣಿ ಕಣ್ಣು ಬಿಟ್ಟು, ನನ್ನನ್ನು ನೋಡಿ, "ಅಂಗಿ ಗುಂಡಿ ತಪ್ಪಾಗ್ ಹಾಕ್ಕೊಂಡಿದೀರಾ" ಎಂದಳು. ನಾನು ಅಲ್ಲೇ ನೆಲದ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟೆ.

ಹಾಗೆ ಬದುಕಿ ಬಂದವರನ್ನು ಊರಿನಲ್ಲಿ ಕುಲುಮೆ ಉಸಿರಿನವರು ಎಂದು ಕರೆಯತೊಡಗಿದರು. ಅವರ ಉಸಿರು ಬಿಸಿ. ದಾಕ್ಷಾಯಿಣಿ ಪಕ್ಕದಲ್ಲಿ ಮಲಗಿದರೆ ನನ್ನ ಕುತ್ತಿಗೆಗೆ ಒಲೆಯ ಬಾಯಿ ತೆರೆದಂತಾಗುತ್ತಿತ್ತು. ಚಳಿಗಾಲದಲ್ಲಿ ನಮ್ಮೆಲ್ಲರ ಬಾಯಿಂದ ಹಬೆ ಬಂದರೆ ಅವರ ಬಾಯಿಂದ ಏನೂ ಬರುತ್ತಿರಲಿಲ್ಲ. ಬದಲಿಗೆ ಅವರು ಮಾತನಾಡುವಾಗ ಮುಖದ ಮುಂದಿನ ಗಾಳಿ ಬೇಸಿಗೆಯ ಟಾರು ರಸ್ತೆಯ ಮೇಲಿನಂತೆ ನಡುಗುತ್ತಿತ್ತು. ಮೊದಮೊದಲು ಮಕ್ಕಳು ಹೆದರಿದವು. ಆಮೇಲೆ ಅಭ್ಯಾಸವಾಯಿತು. ತೊಟ್ಟಿಲಿನ ಕೂಸಿಗೆ ಬೆಚ್ಚಗಾಗಲೆಂದು ಪಕ್ಕದ ಮನೆಯವರು ದಾಕ್ಷಾಯಿಣಿಯನ್ನು ಕರೆದೊಯ್ದು ಕೂರಿಸಿಕೊಳ್ಳುತ್ತಿದ್ದರು.

ಊರು ಕಾರ್ಖಾನೆಯನ್ನು ತನ್ನ ರೀತಿಯಲ್ಲಿ ಗೌರವಿಸಿತು. ಜನ ಗುಂಪು ಗುಂಪಾಗಿ ಗೇಟಿನ ಮುಂದೆ ಹೋಗಿ ಕೊರತೆ ಹೇಳಿದರು. ಮಂಚ ಕಿರುಗುಟ್ಟುತ್ತಿತ್ತು, ಗಂಜಿಯಲ್ಲಿ ಕಲ್ಲು ಸಿಕ್ಕಿತು, ಸೊಳ್ಳೆ ಕಡಿಯಿತು. ಕಾವಲಿನವನು ನಮ್ಮೂರವನೇ, ಅವನು ಹೆಮ್ಮೆಯಿಂದ ಕೇಳಿಸಿಕೊಂಡ. ಕುಮುದಿನಿ ಮಾತ್ರ ಕಿಟಕಿಯಲ್ಲಿ ಪೆಚ್ಚು ಮೋರೆ ಹಾಕಿಕೊಂಡು ನಿಂತಿದ್ದಳು. ಪಾಪ ಅನ್ನಿಸಿತು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಟೈಲರ್ ಪರಶಿವನೂ ಕುಲುಮೆ ಉಸಿರಿನವನೇ. ಹೊರಗಿನಿಂದ ಪತ್ರಿಕೆಯವನೊಬ್ಬ ಬಂದು, ಗೇಟಿನ ಹತ್ತಿರ ಮ್ಯಾನೇಜರರ ಪಕ್ಕದಲ್ಲಿ ಅವನನ್ನು ನಿಲ್ಲಿಸಿ, ಒಂದು ಒಳ್ಳೆಯ ಮಾತು ಹೇಳು ಎಂದು ಪೀಡಿಸಿದ. ಪರಶಿವ ಮೆದು ಮನುಷ್ಯ. ಎದುರಿಗೆ ನಿಂತವರಿಗೆ ಇಲ್ಲ ಅನ್ನಲಾರದವನು. ಧನ್ಯವಾದ ಹೇಳಿಬಿಟ್ಟ. ಹೇಳಿ, ನಕ್ಕು, ಮನೆಯ ಕಡೆ ಹೊರಟು, ಹುಣಸೆಮರದ ಹತ್ತಿರ ಕೂತವನು ಮತ್ತೆ ಏಳಲಿಲ್ಲ. ಅದೇ ಹೊತ್ತಿಗೆ ಆರಿ ತಣ್ಣಗಾಗಿದ್ದ ಕುಲುಮೆಯ ಒಳಗೆ ಕೆಂಪು ಬೆಳಕು ಕಂಡಿತು. ನನ್ನ ಭಾವಮೈದುನ ಮರಿಸ್ವಾಮಿ ಆ ಕುಲುಮೆಯ ಮುಂದೆಯೇ ಬೆಳೆದವನು. ನೋಡಲು ಹೋದವರಲ್ಲಿ ಅವನೂ ಇದ್ದ. ಬಿರಿದ ಇಟ್ಟಿಗೆಗಳ ನಡುವೆ ಒಬ್ಬ ಮನುಷ್ಯನ ಉಸಿರಿನಷ್ಟು ಬೆಂಕಿ ಏಳುತ್ತಾ ಇಳಿಯುತ್ತಾ ಇತ್ತಂತೆ. ಸಂಜೆಯ ಹೊತ್ತಿಗೆ ಆರಿತಂತೆ.

ಮರಿಸ್ವಾಮಿ ಇದನ್ನು ನಮ್ಮ ಮನೆಯಲ್ಲಿ ಕೂತು ಹೇಳಿದ. ಹೇಳಿದವನು ತನ್ನ ಅಕ್ಕನ ಮುಖ ನೋಡಲಿಲ್ಲ. ಕುಲುಮೆ ಆರಿದಾಗಿನಿಂದ ಅವನಿಗೆ, ಅವನಂಥ ಅರ್ಧ ಊರಿಗೆ, ಕೆಲಸವಿರಲಿಲ್ಲ.

ಅದಾದ ಮೇಲೆ ಊರಿನ ಬೀದಿಗಳಲ್ಲಿ ಏನೋ ಬದಲಾಯಿತು. ಕೆಲಸ ಕಳೆದುಕೊಂಡ ಕಾರ್ಖಾನೆಯವರು ಕುಲುಮೆ ಉಸಿರಿನವರನ್ನು ಒಂದು ಥರ ನೋಡತೊಡಗಿದರು. ಸಿಟ್ಟಿನಿಂದಲ್ಲ. ಹಸಿದವನು ಪಕ್ಕದ ಮನೆಯ ಅಡುಗೆಯ ವಾಸನೆ ಹಿಡಿದು ನಿಂತಂತೆ. ದಾಕ್ಷಾಯಿಣಿ ಸಂತೆಗೆ ಹೋದರೆ ಅವಳು ಬಾಯಿ ತೆರೆದ ಕೂಡಲೇ ಸುತ್ತಲಿನವರು ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದರು. ಅವಳು ಬದನೆಕಾಯಿಗೆ ಹುಳ ಬಿದ್ದಿದೆ ಎಂದರೆ ಒಂದು ನಿಟ್ಟುಸಿರು ಬಿಟ್ಟು ಮತ್ತೆ ತಮ್ಮ ವ್ಯಾಪಾರಕ್ಕೆ ತಿರುಗುತ್ತಿದ್ದರು. ಯಾರೂ ಏನೂ ಕೇಳಲಿಲ್ಲ. ಕೇಳುವಷ್ಟು ಕೆಟ್ಟವರು ನಮ್ಮೂರಲ್ಲಿ ಇಲ್ಲ.

ಕೇಳಿದವಳು ಕುಮುದಿನಿ, ಅದೂ ಏನೂ ತಿಳಿಯದೆ. ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದಳು. ದಾಕ್ಷಾಯಿಣಿ ಕಾಫಿ ಕೊಟ್ಟಳು. ಹುಡುಗಿ ಬಿಸಿಲಿನಲ್ಲಿ ನಡೆದು ಬಂದಿದ್ದಳು, ಗಟಗಟ ಕುಡಿದು, "ಥ್ಯಾಂಕ್ಸ್ ಅಮ್ಮಾ" ಎಂದಳು. ಲೋಟ ಹಬೆಯಾಡುತ್ತಾ ಮತ್ತೆ ತುಂಬಿತ್ತು. ಅವಳು ಅದನ್ನು ನೋಡಿ, ಒಣ ತುಟಿ ಸವರಿಕೊಂಡು, "ಕುಡಿದೆ ಅಂದ್ಕೊಂಡಿದ್ದೆ" ಎಂದು ನಕ್ಕಳು. ಎರಡನೆಯ ಸಲ ಕುಡಿದಾಗ ದಾಕ್ಷಾಯಿಣಿ ಅವಳ ಬಾಯಿಗೆ ಕೈ ಅಡ್ಡ ಹಿಡಿದು, "ಸಾಕು, ಹೊಟ್ಟೇಲೇ ಇರ್ಲಿ ಬಿಡು" ಎಂದಳು.

ಬಂದ ಕೆಲಸವನ್ನು ಕುಮುದಿನಿ ಹೇಳಿದಳು. ಜ್ವರದ ಕಾಲದಲ್ಲಿ ಜನರ ಜೀವ ಉಳಿಸಿದ ಕಂಪನಿಗಳಿಗೆ ರಾಜಧಾನಿಯಲ್ಲಿ ದೊಡ್ಡ ಪ್ರಶಸ್ತಿ ಕೊಡುತ್ತಾರೆ. ನಮ್ಮ ಕಾರ್ಖಾನೆಯ ಹೆಸರು ಕೊನೆಯ ಸುತ್ತಿನಲ್ಲಿದೆ. ಸಿಕ್ಕಿದರೆ ಯಜಮಾನರು ಹೊಸ ಕುಲುಮೆ ಕಟ್ಟಿಸುತ್ತಾರೆ, ಬಾಯಿಬಿಟ್ಟು ಹೇಳಿದ್ದಾರೆ. ಸಿಗದಿದ್ದರೆ ಬೀಗ ಹಾಕಿಕೊಂಡು ಹೋಗುತ್ತಾರೆ. ಪ್ರಶಸ್ತಿಯವರಿಗೆ ಬೇಕಾದದ್ದು ಒಂದೇ: ಊರಿನವರು ಸಭೆ ಮಾಡಿ ಕಾರ್ಖಾನೆಯನ್ನು ಗೌರವಿಸಬೇಕು, ಬದುಕಿ ಬಂದ ಒಬ್ಬರಾದರೂ ಕ್ಯಾಮೆರಾದ ಮುಂದೆ ಧನ್ಯವಾದ ಹೇಳಬೇಕು.

"ನಾನು ಎಲ್ಲರ ಮನೆಗೂ ಹೋಗಿದ್ದೆ," ಎಂದಳು. "ಎಲ್ಲರೂ ಬಾಗಿಲು ಹಾಕ್ಕೋತಾರೆ. ನಾನು ಏನು ತಪ್ಪು ಮಾಡ್ದೆ? ನನಗೋಸ್ಕರ ಬೇಡ. ಆ ಕೆಲಸದವರಿಗೋಸ್ಕರ ಒಂದು ಮಾತು. ಒಂದೇ ಮಾತು."

ನಾನು ಪರಶಿವನ ಕಥೆ ಹೇಳಿದೆ. ಅವಳು ಕನಿಕರದಿಂದ ಕೇಳಿ, ಜ್ವರ ಬಂದು ಹೋದವರಿಗೆ ಹೃದಯ ಹಾಗೆ ನಿಲ್ಲುವುದುಂಟು, ವೈದ್ಯರೇ ಹೇಳಿದ್ದಾರೆ ಎಂದಳು. ನಾನು ಬಾಗಿಲ ಕಡೆ ಕೈ ತೋರಿಸಬೇಕೆನ್ನುವಷ್ಟರಲ್ಲಿ ದಾಕ್ಷಾಯಿಣಿ ಬಾಯಿಬಿಟ್ಟಳು.

"ನಾನ್ ಹೇಳ್ತೀನಿ ಬಿಡಮ್ಮಾ."

ಕುಮುದಿನಿ ಹೋದ ಮೇಲೆ ನಾನು ಕೂಗಾಡಿದೆ. ತಟ್ಟೆ ಎಸೆದೆ. ಅವಳು ಎಸೆದ ತಟ್ಟೆಯನ್ನು ಎತ್ತಿ, ಸೊಟ್ಟಗಾದದ್ದನ್ನು ಕಲ್ಲಿನ ಮೇಲಿಟ್ಟು ಕುಟ್ಟುತ್ತಾ ಕೂತಳು.

"ಒಲ್ಲೆ ಅಂತ ಹೇಳಿ ಕಳಿಸು," ಎಂದೆ.

"ಯಾಕ್ ಕಳಿಸ್ಲಿ? ಮರಿಸ್ವಾಮಿ ಮಕ್ಳು ನಿನ್ನೆ ಇಲ್ಲಿ ಬಂದು ಉಂಡು ಹೋದ್ವು. ಉಣ್ಣೋವಾಗ ತಲೆ ಎತ್ಲಿಲ್ಲ, ನೋಡಿದ್ರಾ? ಅಂಥಾ ಮನೆಗಳು ಈ ಊರಲ್ಲಿ ಎಷ್ಟಿವೆ? ನಾನೊಬ್ಳು ಉಸಿರಾಡೋದಕ್ಕೆ ಅವೆಲ್ಲ ಒಲೆ ಆರಿಸ್ಕೊಂಡು ಕೂತಿರ್ಬೇಕಾ?"

"ನೀನು ಹೋದ್ರೆ ನನ್ನ ಗತಿ?"

"ಉಪ್ಪಿಟ್ಟು ಮಾಡ್ಕೊಳ್ಳಿ. ಅದೊಂದು ಬರುತ್ತಲ್ಲ. ಉಪ್ಪು ಮಾತ್ರ ನೋಡ್ಕೊಂಡು ಹಾಕಿ."

ನಾನು ನಗಲೆಂದು ಹೇಳಿದಳು. ನನಗೆ ನಗು ಬರಲಿಲ್ಲ. ಅವಳ ಮೇಲೆ ಅಂಥ ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ. ಅವಳ ಉಸಿರು ಅವಳದೇ ಎಂದು ಅವಳು ತಿಳಿದಿದ್ದಳು. ನನಗೂ ಅದರಲ್ಲಿ ಪಾಲಿತ್ತು.

ಸಭೆ ಶಾಲೆಯ ಮೈದಾನದಲ್ಲಿ ಏರ್ಪಾಡಾಯಿತು. ಅಲ್ಲಿಂದ ಕಾರ್ಖಾನೆಯ ಚಿಮಣಿ ನೇರವಾಗಿ ಕಾಣುತ್ತದೆ. ಕಂಪನಿಯ ಯಜಮಾನರು ವಿಶ್ವಂಭರ ರಾವ್, ಬಿಳಿ ಕೂದಲಿನ ಸಜ್ಜನರು, ಸಭೆಗೆಂದೇ ದೂರದಿಂದ ಬಂದಿದ್ದರು. ಕಾರುಗಳನ್ನೆಲ್ಲ ಕಾರ್ಖಾನೆಯ ಅಂಗಳದಲ್ಲಿ ನಿಲ್ಲಿಸಿ ನಡೆದುಕೊಂಡೇ ಬಂದರು. ಕಾರ್ಖಾನೆಯವರು ಹಿಂದಿನ ಸಾಲುಗಳಲ್ಲಿ ಒತ್ತಾಗಿ ಕೂತಿದ್ದರು. ಕುಲುಮೆ ಉಸಿರಿನವರಿಗೆ ಮುಂದಿನ ಸಾಲು ಕೊಟ್ಟಿದ್ದರು. ಅವರು ತುಟಿ ಬಿಗಿದುಕೊಂಡು ಕೂತಿದ್ದರು, ಅವರ ಮುಂದಿನ ಗಾಳಿ ಮಾತ್ರ ಸಣ್ಣಗೆ ನಡುಗುತ್ತಿತ್ತು. ವೇದಿಕೆಯ ತುದಿಯ ಕುರ್ಚಿಯಲ್ಲಿ ದಾಕ್ಷಾಯಿಣಿ. ಮದುವೆಯ ಸೀರೆ ಉಟ್ಟಿದ್ದಳು.

ಕಾರ್ಯಕ್ರಮದ ಪಟ್ಟಿ ಕುಮುದಿನಿ ಕೊಟ್ಟದ್ದು. ಪ್ರಾರ್ಥನೆ, ದೀಪ, ಶಾಲು ಹಾರ ಫಲಕ, ಆಮೇಲೆ ಬದುಕಿ ಬಂದವರ ಮಾತು, ಕಡೆಗೆ ಯಜಮಾನರ ಭಾಷಣ. ಫಲಕ ಕೊಡುವವರೆಗೆ ಎಲ್ಲ ಸರಿಯಾಗಿ ನಡೆಯಿತು. ಊರಿನ ಪರವಾಗಿ ಫಲಕ ಕೊಟ್ಟ ಹಿರಿಯರು ರಾಯರ ಕಿವಿಯಲ್ಲಿ, "ನಿಮ್ ಕ್ಯಾಂಟೀನ್ ಗಂಜಿ ನಾಯಿ ಮುಟ್ತಿರ್ಲಿಲ್ಲ ಸ್ವಾಮಿ" ಎಂದು ಗದ್ಗದಿತರಾಗಿ ಹೇಳಿದರು. ರಾಯರು ಗಲಿಬಿಲಿಗೊಂಡು ಕೈಮುಗಿದರು. ಕ್ಯಾಮೆರಾ ದಾಕ್ಷಾಯಿಣಿಯ ಕಡೆ ತಿರುಗಿತು. ಅವಳು ಸೆರಗು ಸರಿಮಾಡಿಕೊಂಡು ಏಳತೊಡಗಿದಳು.

ಸಭೆಯಲ್ಲಿ ಯಾರ ಹೆಸರು ಯಾವಾಗ ಕರೆಯಬೇಕೆಂಬುದು ನಿರೂಪಕನ ಕೈಯಲ್ಲಿದೆ. ಮಂತ್ರಿಯೇ ಬಂದಿರಲಿ, ನಾನು ಕರೆಯದೆ ಮೈಕಿಗೆ ಬರುವ ಹಾಗಿಲ್ಲ. ಇದು ಎಲ್ಲ ಊರಿನ ರಿವಾಜು.

"ಈಗ ಮಾನ್ಯ ವಿಶ್ವಂಭರ ರಾಯರು ಮಾತನಾಡಬೇಕೆಂದು ಕೋರುತ್ತೇನೆ" ಎಂದೆ.

ಕುಮುದಿನಿ ತಲೆಯೆತ್ತಿ ನನ್ನನ್ನು ನೋಡಿದಳು. ದಾಕ್ಷಾಯಿಣಿ ಅರ್ಧ ಎದ್ದವಳು ಹಾಗೇ ನಿಂತಳು. ರಾಯರು ಮೈಕಿಗೆ ಬಂದರು. ನಾನು ಮೈಕನ್ನು ಅವರ ಎತ್ತರಕ್ಕೆ ಸರಿಮಾಡುತ್ತಾ, ಎಲ್ಲರಿಗೂ ಕೇಳುವಂತೆ ಇನ್ನೊಂದು ಮಾತು ಸೇರಿಸಿದೆ. "ಕಾರ್ಖಾನೆ ಊರಿಗೆ ಕೊಟ್ಟದ್ದನ್ನು ಈಗಾಗಲೇ ನೆನೆದೆವು. ಕಾರ್ಖಾನೆ ನಿಂತಿರುವ ಗೋಮಾಳವನ್ನು ಕೊಟ್ಟವರು ನಮ್ಮ ಹಿರಿಯರು. ಅದರ ಬಗ್ಗೆಯೂ ರಾಯರ ಬಾಯಿಂದ ಎರಡು ಮಾತು ಬಂದರೆ ಊರು ಸಂತೋಷಪಡುತ್ತದೆ."

ಹಿಂದಿನ ಸಾಲಿನಲ್ಲಿ ಮರಿಸ್ವಾಮಿ ಎದ್ದು ನಿಂತ. "ಭಾವಾ!" ಎಂದು ಕೂಗಿದ. "ಭಾವಾ, ಬ್ಯಾಡ! ಮೈಕ್ ಕಿತ್ಕೊಳ್ರೋ ಯಾರಾದ್ರೂ!" ಕುರ್ಚಿಗಳು ಉರುಳಿದವು, ಜನ ಮುನ್ನುಗ್ಗಿದರು. ರಾಯರು ಅದನ್ನು ಊರಿನ ಪ್ರೀತಿ ಎಂದು ತಿಳಿದು ಕೈ ಬೀಸಿದರು. ದಾಕ್ಷಾಯಿಣಿ ನನ್ನ ಕಡೆ ನೋಡಿದಳು. ನಾನು ಮೈಕಿನ ವೈರು ಬೀಳದ ಹಾಗೆ ಕಾಲಿನಲ್ಲಿ ಒತ್ತಿ ಹಿಡಿದುಕೊಂಡೆ.

ರಾಯರು ಒಳ್ಳೆಯ ಮಾತುಗಾರರು. ನಾನು ಕೇಳಿದ್ದು ಭೂಮಿಯೊಂದನ್ನೇ. ಅವರು ಅಷ್ಟಕ್ಕೆ ನಿಲ್ಲಿಸುವವರಲ್ಲ. "ನಿಮ್ಮ ಹಿರಿಯರು ಕೊಟ್ಟ ಭೂಮಿಗೆ, ನಿಮ್ಮ ಕೆರೆಯ ನೀರಿಗೆ, ಇಷ್ಟು ವರ್ಷ ನಮಗಾಗಿ ಬೆವರು ಸುರಿಸಿದ ನಿಮ್ಮ ಕೈಗಳಿಗೆ, ನನ್ನ ಹೃದಯಪೂರ್ವಕ ಧನ್ಯವಾದಗಳು" ಎಂದರು. ಊರಿಗೆ ಊರೇ ಅಲ್ಲಿತ್ತು. ಎಲ್ಲರ ಕಿವಿಗೂ ಬಿತ್ತು.

ಸದ್ದೇನೂ ಆಗಲಿಲ್ಲ. ಚಿಮಣಿ ಬೀಳಲಿಲ್ಲ, ಕುಸಿಯಲಿಲ್ಲ. ಅದು ಇದ್ದ ಕಡೆ ಬರೀ ಆಕಾಶ ಇತ್ತು. ಅದರ ಕೆಳಗೆ ಹುಲ್ಲು, ಮೊಣಕಾಲೆತ್ತರದ ಹಸಿರು ಹುಲ್ಲು, ನಾವ್ಯಾರೂ ಕಣ್ಣಲ್ಲಿ ಕಂಡಿರದ ನಮ್ಮ ಅಜ್ಜಂದಿರ ಕಾಲದ ಗೋಮಾಳ, ಗಾಳಿಯಿಲ್ಲದೆ ತೂಗುತ್ತಿತ್ತು. ಬೀದಿಯಲ್ಲಿ ನಿಂತಿದ್ದ ಹಸುಗಳೆಲ್ಲ ಒಟ್ಟಿಗೆ ಅತ್ತ ತಲೆ ತಿರುಗಿಸಿದವು. ಹುಲ್ಲಿನ ನಡುವೆ ಹೊರಗಿನವರ ಕಾರುಗಳು ಮಾತ್ರ ನಿಂತಲ್ಲೇ ನಿಂತಿದ್ದವು. ಅವನ್ನು ಯಾರೂ ಯಾರಿಗೂ ಕೊಟ್ಟಿರಲಿಲ್ಲ.

ಹಿಂದಿನ ಸಾಲುಗಳಿಂದ ಒಂದು ಸಣ್ಣ ನರಳಾಟ ಬಂತು. ಕಾರ್ಖಾನೆಯವರು ತಮ್ಮ ತಮ್ಮ ಕೈ ನೋಡಿಕೊಳ್ಳುತ್ತಿದ್ದರು. ಸುಟ್ಟ ಕಲೆ, ದಡ್ಡುಗಟ್ಟಿದ ಅಂಗೈ, ಬಾಗಿದ ಬೆನ್ನು ಎಲ್ಲ ಹೋಗಿತ್ತು. ಇಷ್ಟು ವರ್ಷದ ದುಡಿಮೆ ಅವರ ತೋಳುಗಳಿಗೆ ಮರಳಿ ಬಂದಿತ್ತು. ಮರಿಸ್ವಾಮಿ ವೇದಿಕೆ ಹತ್ತಿ, ನನ್ನನ್ನು ಹೊಡೆಯಲೆಂದು ಅಧ್ಯಕ್ಷರ ಭಾರೀ ಕುರ್ಚಿಯನ್ನು ಒಂದೇ ಕೈಯಲ್ಲಿ ಎತ್ತಿದ. ಎತ್ತಿದವನು ತನ್ನ ತೋಳು ನೋಡಿದ. ಮದುವೆಗೆ ಮುಂಚಿನ ತೋಳು. ಕುರ್ಚಿಯನ್ನು ಮೆಲ್ಲಗೆ ಕೆಳಗಿಟ್ಟು, "ಇದನ್ ಇಟ್ಕೊಂಡು ಈಗೇನ್ ಮಾಡ್ಲಿ ಭಾವಾ? ಎಲ್ಲಿಗ್ ಹೋಗ್ಲಿ?" ಎಂದು ಕೇಳಿದ. ಕುಮುದಿನಿ ಫಲಕವನ್ನು ಎದೆಗವಚಿಕೊಂಡು ಹುಲ್ಲಿನ ಕಡೆ ನೋಡುತ್ತಾ ನಿಂತಿದ್ದಳು. ಹೊರಡುವಾಗಲೂ ಅವಳು ನಮ್ಮಲ್ಲಿ ಯಾರಿಗೂ ಧನ್ಯವಾದ ಹೇಳಲಿಲ್ಲ, ಕೊನೆಗೂ ಕಲಿತಿದ್ದಳು.

ಕುಲುಮೆಯೇ ಇಲ್ಲದ ಮೇಲೆ ಉಸಿರು ವಾಪಸು ಹೋಗುವುದೆಲ್ಲಿಗೆ? ಹಾಗೆಂದು ನಾನು ಲೆಕ್ಕ ಹಾಕಿದ್ದೆ. ಲೆಕ್ಕ ಸರಿಯಾಗಿತ್ತು. ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ನನ್ನ ಬಳಿ ಬಂದು, "ಏನಯ್ಯಾ, ಇವತ್ತಿನ ನಿರೂಪಣೆ ಬಲು ಕೆಟ್ಟದಾಗಿತ್ತು" ಎಂದು ಕೈ ಹಿಡಿದುಕೊಂಡು ಹೋದರು. ಆ ಕೈಗಳೂ ಬಿಸಿಯಾಗಿದ್ದವು.

ಊರು ಬರಿದಾಗತೊಡಗಿತು. ಮೈತುಂಬ ಕಸುವಿದ್ದ ಗಂಡಸರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೇರೆ ಊರುಗಳಿಗೆ ಕೆಲಸ ಹುಡುಕಿ ಹೊರಟರು. ಗೋಮಾಳದ ಹುಲ್ಲಿಗೆ ದನ ಬಿಟ್ಟರೆ ಅವು ಅಂಚಿನವರೆಗೆ ಹೋಗಿ, ಮೂಸಿ, ಹಿಂದೆ ಸರಿಯುತ್ತಿದ್ದವು. ಕೆರೆ ಕೋಡಿ ಬಿದ್ದು ಹರಿಯುತ್ತಿತ್ತು, ತುಂಬಿಕೊಳ್ಳಲು ಬಿಂದಿಗೆಗಳೇ ಕಡಿಮೆಯಾಗಿದ್ದವು. ಇದೆಲ್ಲ ನನ್ನಿಂದ ಆದದ್ದು ಎಂದು ನನಗೆ ಗೊತ್ತು. ಪಶ್ಚಾತ್ತಾಪ ಇದೆಯೇ ಎಂದು ಕೇಳಿದರೆ, ಇಲ್ಲ. ನಾಳೆ ಅದೇ ಸಭೆ ನಡೆದರೆ ಅದೇ ಹೆಸರನ್ನು ಕರೆಯುತ್ತೇನೆ.

ನನ್ನನ್ನು ಹೆದರಿಸಿದ್ದು ಬೇರೆ. ದಾಕ್ಷಾಯಿಣಿ ಬೈಯುವುದನ್ನು ನಿಲ್ಲಿಸಿದಳು. ನಾನು ಬೇಕೆಂದೇ ಹಾಸಿಗೆ ಮಡಚದೆ ಬಿಟ್ಟೆ, ಕೆಸರುಗಾಲಿನಲ್ಲಿ ಅಡುಗೆಮನೆಗೆ ಹೋದೆ. ಅವಳು ಸುಮ್ಮನೆ ಒರೆಸಿದಳು. ನನ್ನನ್ನೇ ನೋಡುತ್ತಾ ಕೂರುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿದೆಯೋ ಅಕ್ಕರೆಯಿದೆಯೋ ಹೇಳಲಾಗುತ್ತಿರಲಿಲ್ಲ. ಕೊರತೆ ಹೇಳದವರ ಬಾಯಲ್ಲಿ ಯಾವ ಮಾತು ಕಾದು ಕೂತಿರುತ್ತದೆ ಎಂಬುದು ನಮ್ಮೂರಿನ ಯಾರಿಗಾದರೂ ಗೊತ್ತು.

ಮರಿಸ್ವಾಮಿಯ ಸಂಸಾರ ಹೊರಟ ದಿನ ಅವಳು ಲಾರಿ ಮರೆಯಾಗುವವರೆಗೆ ಬೀದಿಯಲ್ಲಿ ನಿಂತಿದ್ದಳು. ಒಳಗೆ ಬಂದು ನನ್ನ ಎದುರಿಗೆ ಕೂತಳು.

"ರೀ," ಎಂದಳು. ಇಷ್ಟು ಮೆಲ್ಲಗೆ ಅವಳು ಮಾತನಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಈ ಉಸಿರು ಈಗ ಕಾರ್ಖಾನೇದಲ್ಲ. ನೀವ್ ಕೊಟ್ಟಿದ್ದು."

"ಸುಮ್ನಿರು."

"ಅಷ್ಟು ಮನೆ ಒಲೆ ಆರಿಸಿ ನನಗ್ ಕೊಟ್ರಿ. ಇಷ್ಟ್ ದೊಡ್ದು ನನ್ ಕೈಲಿ ಹೊರಕ್ಕಾಗಲ್ಲ ರೀ. ಬೈದು ತೀರಿಸ್ಕೊಳ್ಳೋ ಅಂಥದ್ದಲ್ಲ ಇದು. ನಿಮ್ಗೆ ಒಂದ್ ಮಾತು ಹೇಳ್ಬಿಡ್ತೀನಿ..."

ಕೊಟ್ಟವನ ಕಿವಿಗೆ ಆ ಮಾತು ಬೀಳಬಾರದೆಂದು ನಾನು ಎರಡೂ ಕಿವಿ ಮುಚ್ಚಿಕೊಂಡು ಬೀದಿಗೆ ಓಡಿದೆ. ಮನೆಗೆ ಬರುವಾಗ ಹತ್ತಿಯನ್ನು ಮೇಣದಲ್ಲಿ ಅದ್ದಿ ಕಿವಿಗೆ ತುರುಕಿಕೊಂಡು ಬಂದೆ.

ಅಂದಿನಿಂದ ಹೀಗೇ ಇದ್ದೇನೆ. ಮೈಕ್ ಸೆಟ್ ಮಾರಿದೆ. ತನ್ನ ದನಿ ತನಗೇ ಕೇಳದವನು ಸಭೆ ನಡೆಸಲಾರ. ಊರಿನವರು ಏನಾದರೂ ಹೇಳಬೇಕಾದರೆ ಕೈಸನ್ನೆ ಮಾಡುತ್ತಾರೆ. ದಾಕ್ಷಾಯಿಣಿ ಮೊದಮೊದಲು ನನ್ನ ಕೈ ಹಿಡಿದೆಳೆದು ಹತ್ತಿ ತೆಗೆಯಲು ನೋಡಿದಳು. ಜಗಳವಾಡಿದೆವು, ಒಬ್ಬರ ಮಾತು ಒಬ್ಬರಿಗೆ ಮುಟ್ಟದ ಜಗಳ. ಈಗ ಬಿಟ್ಟಿದ್ದಾಳೆ. ಸಂಜೆ ದೀಪ ಹಚ್ಚಿದ ಮೇಲೆ ನನ್ನ ಎದುರಿಗೆ ಬಂದು ಕೂತು ಮಾತನಾಡುತ್ತಾಳೆ. ತುಂಬ ಹೊತ್ತು ಮಾತನಾಡುತ್ತಾಳೆ. ತುಟಿ ಆಡುತ್ತದೆ, ಹುಬ್ಬು ಮೇಲೇರುತ್ತದೆ, ಒಮ್ಮೊಮ್ಮೆ ಕಣ್ಣು ಒರೆಸಿಕೊಳ್ಳುತ್ತಾಳೆ, ಒಮ್ಮೊಮ್ಮೆ ನಗುತ್ತಾಳೆ. ಬೈಯುತ್ತಿದ್ದಾಳೋ, ಆ ಮಾತನ್ನೇ ಹೇಳುತ್ತಿದ್ದಾಳೋ ನನಗೆ ತಿಳಿಯದು. ಆ ದನಿಯನ್ನು ಒಂದು ಸಲ, ಒಂದೇ ಸಲ ಕೇಳಬೇಕೆಂದು ಜೀವ ಬಡಿದುಕೊಳ್ಳುತ್ತದೆ. ಆಗ ಅವಳ ಎದೆಯನ್ನು ನೋಡುತ್ತೇನೆ. ಅದು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ನಾನು ಕೇಳಿಸಿಕೊಂಡವನ ಹಾಗೆ ತಲೆಯಾಡಿಸಿ, ಹತ್ತಿಯನ್ನು ಇನ್ನೂ ಒಳಕ್ಕೆ ಒತ್ತಿಕೊಳ್ಳುತ್ತೇನೆ.